ಮಿತ್ರನ ಹಣವೂ ಷೇರುಪೇಟೆಯೂ

ಚನ್ನಪಟ್ಟಣದ ಕಡೆಯ ವಾಚಕರೊಬ್ಬರು ಬರೆದಿರುವ ಕಾಗದವೊಂದು ನಮ್ಮ ಮುಂದಿದೆ. ಹೆಸರನ್ನು ಪ್ರಕಟಿಸಬಾರದೆಂದು ಅವರ ಅಪೇಕ್ಷೆ, ಅದು ನ್ಯಾಯವಾದುದೇ. ವಿಷಯವಿಷ್ಟು: ಅವರು ಕೆಲವು ವರ್ಷಗಳಿಂದ ತಮ್ಮ ಸಂಬಳದಲ್ಲಿ ಮಿಕ್ಕುದನ್ನು ಷೇರುಗಳಲ್ಲಿ ತೊಡಗಿಸುತ್ತ ಬಂದು ಒಂದಿಷ್ಟು ಲಾಭವನ್ನು ಕಂಡಿದ್ದಾರೆ. ಈ ಸುದ್ದಿ ಅವರ ಬಾಲ್ಯಮಿತ್ರರ ಕಿವಿಗೆ ಬಿದ್ದಿದೆ. ಮಿತ್ರರು ರೇಷ್ಮೆಹುಳು ಸಾಕುವ ಒಕ್ಕಲುಮಕ್ಕಳು. ಜಮೀನಿನ ಒಂದು ಭಾಗ ರಸ್ತೆಗೆ ಹೋಗಿ ಬಂದ ಪರಿಹಾರದಲ್ಲಿ ಸಾಲ ತೀರಿಸಿ ಉಳಿದ 8 ಲಕ್ಷ ರೂಪಾಯಿ ಅವರ ಬಳಿ ಇದೆ. "ನನಗೇನು ತಿಳಿಯುತ್ತೆ, ನೀನೇ ನೋಡಿಕೊಳಯ್ಯ, ಲಾಭ ಬಂದರೆ ಅರ್ಧ ನಿನಗೆ" ಎಂದು ಆ ಹಣವನ್ನು ಇವರ ಖಾತೆಗೆ ಹಾಕಲು ಸಿದ್ಧರಾಗಿದ್ದಾರೆ. "ಬೇಡವೆಂದರೆ ಸ್ನೇಹಕ್ಕೆ ಊನ, ಹೂಂ ಎಂದರೆ ರಾತ್ರಿ ನಿದ್ರೆಗೆ ಊನ, ಏನು ಮಾಡಲಿ?" ಎಂದು ಕೇಳಿದ್ದಾರೆ.

ಪ್ರಶ್ನೆ ಇವರೊಬ್ಬರದಲ್ಲ. 2007ರಲ್ಲಿ ರಚಿತವಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆದ ನಮ್ಮ ಜಿಲ್ಲೆಯಲ್ಲಿ ಇಂಥ ಹಣ ಈಚೆಗೆ ಅನೇಕ ಮನೆಗಳಿಗೆ ಬಂದಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ ಚನ್ನಪಟ್ಟಣಗಳ ಹೊಲಗಳನ್ನು ಸೀಳಿಕೊಂಡು ಹೋಗಿದೆ. ಬಿಡದಿಯ ಸುತ್ತ ಕಾರ್ಖಾನೆಗಳೆದ್ದಿವೆ. ಕನಕಪುರದ ರಸ್ತೆಯಲ್ಲಿಯೂ ಮಾಗಡಿಯ ರಸ್ತೆಯಲ್ಲಿಯೂ ರಾಗಿಯ ಹೊಲಗಳು ನಿವೇಶನಗಳಾಗಿವೆ. ತಲೆತಲಾಂತರದಿಂದ ಭೂಮಿಯ ರೂಪದಲ್ಲಿ ನಿಂತಿದ್ದ ಸಂಪತ್ತು ಒಂದೇ ದಿನದಲ್ಲಿ ಬ್ಯಾಂಕಿನ ಪುಸ್ತಕದ ಒಂದು ಸಾಲಾಗಿಬಿಟ್ಟರೆ, ಅದನ್ನು ಏನು ಮಾಡಬೇಕೆಂಬುದು ಯಾರಿಗೂ ಥಟ್ಟನೆ ತೋಚುವುದಿಲ್ಲ. ಹೊಲವನ್ನು ಕಾಯುವುದು ನಮಗೆ ಗೊತ್ತು. ಅಂಕಿಯನ್ನು ಕಾಯುವುದು ಗೊತ್ತಿಲ್ಲ. ಆಗ ಮನುಷ್ಯನು ಸಹಜವಾಗಿ, ಓದಿದ ಸ್ನೇಹಿತನ ಕಡೆಗೆ ತಿರುಗುತ್ತಾನೆ.

ಪರರ ಹಣ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಎಲ್ಲಿ ಹಾಕಲಿ" ಎಂಬುದಲ್ಲ, "ಇದು ನನ್ನಲ್ಲಿಗೆ ಯಾವ ಹೆಸರಿನಿಂದ ಬಂದಿತು" ಎಂಬುದು. ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ನ್ಯಾಯಸ್ಥಾನಕ್ಕೆ ಬರುವ ವ್ಯಾಜ್ಯಗಳನ್ನು ಮನುವು ಹದಿನೆಂಟು ಬಗೆಯಾಗಿ ಎಣಿಸುವಾಗ ಸಾಲವನ್ನು ಮೊದಲನೆಯದಾಗಿಯೂ, ಇಟ್ಟ ಒಡವೆಯಾದ ನಿಕ್ಷೇಪವನ್ನು ಎರಡನೆಯದಾಗಿಯೂ ಹೇಳಿದ್ದಾನೆ. ಹಲವರು ಕೂಡಿ ಮಾಡುವ ವ್ಯಾಪಾರವಾದ ಸಂಭೂಯಸಮುತ್ಥಾನವು ಅವುಗಳ ಸಮೀಪದಲ್ಲಿಯೇ ಬರುತ್ತದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆಂದು ಕರೆಯಿಸಿಕೊಳ್ಳುವ ಕಲ್ಯಾಣನಗರದಲ್ಲಿ ಕುಳಿತು ಆ ಗ್ರಂಥವನ್ನು ರಚಿಸಿದನು. ಎಣಿಸದೆ, ಒಳಗೇನಿದೆಯೆಂದು ಹೇಳದೆ, ಮುದ್ರೆಯೊತ್ತಿ ಒಪ್ಪಿಸಿದ್ದು ಉಪನಿಧಿಯೆಂದೂ, ಎದುರಿನಲ್ಲಿಯೇ ಎಣಿಸಿ ಒಪ್ಪಿಸಿದ್ದು ನಿಕ್ಷೇಪವೆಂದೂ ಅಲ್ಲಿ ಭೇದವುಂಟು. ಎರಡರಲ್ಲಿಯೂ ಇಟ್ಟುಕೊಂಡವನ ಕೆಲಸ ಒಂದೇ: ಹೇಗೆ ಬಂದಿತೋ ಹಾಗೆಯೇ ಹಿಂದಕ್ಕೆ ಕೊಡುವುದು. ರಾಜನಿಂದಲೋ, ದೈವದಿಂದಲೋ, ಕಳ್ಳರಿಂದಲೋ ಹೋದರೆ ಅವನ ಮೇಲೆ ತಪ್ಪಿಲ್ಲ. ತನ್ನಿಷ್ಟದಂತೆ ಅದನ್ನು ಬಳಸಿಕೊಂಡನೋ, ದಂಡವನ್ನೂ ತೆರಬೇಕು, ಬಡ್ಡಿಸಹಿತ ಹಿಂದಿರುಗಿಸಲೂ ಬೇಕು.

ಸಾಲದ ಮಾತು ಬೇರೆ. ಸಾಲವಾಗಿ ತಂದ ಹಣ ತಂದವನದೇ; ಅದನ್ನು ಅವನು ಬಿತ್ತಲಿ, ಬಾವಿಗೆ ಹಾಕಲಿ, ಅಸಲು ಬಡ್ಡಿಗಳು ಅವನ ತಲೆಯ ಮೇಲೆ. ಕೂಡುವ್ಯಾಪಾರದ ಮಾತು ಇನ್ನೂ ಬೇರೆ. ಅಲ್ಲಿ ಲಾಭನಷ್ಟಗಳೆರಡೂ ಹಾಕಿದ ಬಂಡವಾಳಕ್ಕೆ ತಕ್ಕಂತೆ, ಅಥವಾ ಮೊದಲು ಒಪ್ಪಿಕೊಂಡಂತೆ ಹಂಚಿಕೆಯಾಗತಕ್ಕವು; ಬೇಡವೆಂದುದನ್ನು ಮಾಡಿ, ಹೇಳದಿರುವುದನ್ನು ಮಾಡಿ, ಇಲ್ಲವೆ ಅಜಾಗರೂಕತೆಯಿಂದ ಕೆಡಿಸಿದವನು ಮಾತ್ರ ತಾನೇ ತುಂಬಿಕೊಡಬೇಕು.

ಈಗ ನಮ್ಮ ವಾಚಕರ ಮಿತ್ರರು ಹೇಳಿದ ಮಾತನ್ನು ನೋಡೋಣ. "ಲಾಭ ಬಂದರೆ ಅರ್ಧ ನಿನಗೆ" ಎಂಬುದು ಕೂಡುವ್ಯಾಪಾರದ ಮಾತು. ಆದರೆ "ನೀನೇ ನೋಡಿಕೊಳಯ್ಯ" ಎಂದಾಗ ಅವರ ಮನಸ್ಸಿನಲ್ಲಿರುವುದು ನಿಕ್ಷೇಪ; ಮಗಳ ಮದುವೆಗೆ ಕೇಳಿದ ದಿನ ಎಂಟು ಲಕ್ಷವೂ ಎಂಟು ಲಕ್ಷವಾಗಿಯೇ ಬರುವುದೆಂದು ಅವರ ನಂಬಿಕೆ. ಇನ್ನು ಹಣವು ನಮ್ಮ ವಾಚಕರ ಸ್ವಂತ ಖಾತೆಯೊಳಕ್ಕೆ ಬಿದ್ದು ಅವರ ಹಣದೊಡನೆ ಬೆರೆತುಹೋದರೆ, ಹೊರಗಿನವರ ಕಣ್ಣಿಗೆ ಅದು ಕೈಸಾಲದಂತೆಯೇ ಕಾಣುತ್ತದೆ. ಒಂದೇ ಹಣಕ್ಕೆ ಮೂರು ಹೆಸರು! ಪೇಟೆ ಏರುತ್ತಿರುವಷ್ಟು ಕಾಲ ಮೂರರಲ್ಲಿ ಯಾವುದಾದರೇನು ಎಂದು ಇಬ್ಬರೂ ನಗುತ್ತಿರಬಹುದು. ಇಳಿದ ದಿನ ಕೊಟ್ಟವನು ಅದನ್ನು ನಿಕ್ಷೇಪವೆನ್ನುತ್ತಾನೆ, ಪಡೆದವನು ಕೂಡುವ್ಯಾಪಾರವೆನ್ನುತ್ತಾನೆ, ಪಂಚಾಯಿತಿಗೆ ಕುಳಿತ ಹಿರಿಯರು ಸಾಲವೆಂದು ತೀರ್ಮಾನಿಸುತ್ತಾರೆ. ಮೂವರಲ್ಲಿ ಒಬ್ಬನೂ ಸುಳ್ಳನಲ್ಲ.

ಅರ್ಧ ಲಾಭದ ಕರಾರನ್ನು ಲೆಕ್ಕ ಹಾಕಿ ನೋಡದೆ ಒಪ್ಪುವುದು ನಮ್ಮಲ್ಲಿ ವಾಡಿಕೆ. ಹೊಲವನ್ನು ವಾರಕ್ಕೆ ಕೊಡುವುದು, ಹಸು ಕುರಿಗಳನ್ನು ಪಾಲಿಗೆ ಕೊಡುವುದು ನಮ್ಮ ಸೀಮೆಯಲ್ಲಿ ಹಳೆಯ ಪದ್ಧತಿಯಾದುದರಿಂದ ಇದೂ ಹಾಗೆಯೇ ಎಂದು ತೋರುತ್ತದೆ. ಆದರೆ ವಾರಕ್ಕೆ ಮಾಡಿದವನು ತನ್ನ ಬೆವರನ್ನು ಹಾಕಿರುತ್ತಾನೆ. ಬೆಳೆ ಹೋದರೆ ಅವನ ಆರು ತಿಂಗಳ ದುಡಿಮೆಯೂ ಹೋಯಿತು. ಮತ್ತು ಒಂದು ವರ್ಷದ ಬೆಳೆ ಮುಂದಿನ ವರ್ಷದ ಬರಗಾಲದಿಂದ ಹಿಂದಕ್ಕೆ ಹೋಗುವುದಿಲ್ಲ. ಷೇರುಪೇಟೆಯಲ್ಲಿ ಹೋಗುತ್ತದೆ. ಎಂಟು ಲಕ್ಷವು ಮೊದಲನೆಯ ವರ್ಷ ನೂರಕ್ಕೆ 40ರಂತೆ ಏರಿತೆಂದು ಇಟ್ಟುಕೊಳ್ಳಿ. 11,20,000 ಆಯಿತು. ಲಾಭ 3,20,000, ಅದರಲ್ಲಿ ಅರ್ಧ, ಎಂದರೆ 1,60,000 ನೋಡಿಕೊಂಡವರಿಗೆ. ಉಳಿದದ್ದು 9,60,000. ಎರಡನೆಯ ವರ್ಷ ನೂರಕ್ಕೆ 40ರಂತೆಯೇ ಇಳಿಯಿತು. ಈಗ ಮಿತ್ರರ ಪಾಲಿಗೆ ಇರುವುದು 5,76,000. ಎರಡು ವರ್ಷದ ಕೊನೆಗೆ ಹಣ ಕೊಟ್ಟವರಿಗೆ 2,24,000 ರೂಪಾಯಿ ನಷ್ಟ, ನೋಡಿಕೊಂಡವರಿಗೆ 1,60,000 ರೂಪಾಯಿ ಲಾಭ! ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಕರಾರಿನಂತೆಯೇ ಎಲ್ಲವೂ ನಡೆಯಿತು. ಆದರೆ ಹಬ್ಬದ ದಿನ ಇವರ ಮನೆಯ ಪಾಯಸವು ಅವರ ಗಂಟಲಿನಲ್ಲಿ ಇಳಿದೀತೆ?

ಈ ವ್ಯವಹಾರವನ್ನೇ ವೃತ್ತಿಯಾಗಿ ಮಾಡುವವರಿಗೆ ಸೆಬಿ, ಎಂದರೆ ಷೇರುಪೇಟೆಯ ಮೇಲ್ವಿಚಾರಣೆಗಾಗಿ ಇರುವ ಸರ್ಕಾರದ ಮಂಡಲಿಯು, ಒಂದು ಕಟ್ಟಳೆಯನ್ನು ವಿಧಿಸಿದೆ. ಗಿರಾಕಿಯ ಹಣವು ಹಿಂದೆ ಮುಟ್ಟಿದ ಮೇಲಿನ ಗೆರೆಯನ್ನು ಮತ್ತೆ ದಾಟುವವರೆಗೂ ಲಾಭದ ಪಾಲನ್ನು ತೆಗೆದುಕೊಳ್ಳಕೂಡದು. ಇಳಿದು ಏರಿದ ಹಣದ ಮೇಲೆ ಎರಡು ಸಲ ಪಾಲು ಕೀಳುವುದು ಇದರಿಂದ ತಪ್ಪುತ್ತದೆ. ಮೊದಲು ಕೊಟ್ಟ 1,60,000 ಮಾತ್ರ ಇದರಿಂದಲೂ ಹಿಂದಕ್ಕೆ ಬರುವುದಿಲ್ಲ. ಕಳೆದುದನ್ನು ತುಂಬಿಕೊಳ್ಳುವುದೂ ನಾವು ಭಾವಿಸುವಷ್ಟು ಸುಲಭವಲ್ಲ. 5,76,000ವು ಮತ್ತೆ 8,00,000 ಆಗಬೇಕಾದರೆ ನೂರಕ್ಕೆ ಸುಮಾರು 39ರಂತೆ ಏರಬೇಕು. ವರ್ಷಕ್ಕೆ ನೂರಕ್ಕೆ 12 ಬರುತ್ತದೆಯೆಂದರೂ ಸುಮಾರು ಮೂರು ವರ್ಷ ಬೇಕು. ಮಗಳ ಮದುವೆ ಮೂರು ವರ್ಷ ಕಾಯುವುದೆ?

ಪೇಟೆ ಅಷ್ಟು ಇಳಿಯುವುದುಂಟೆ ಎಂದು ಕೇಳುವ ಯುವಕರಿದ್ದಾರೆ. ಮುಂಬಯಿಯ ಸೂಚ್ಯಂಕವು 2008ರ ಜನವರಿಯಲ್ಲಿ 21 ಸಾವಿರವನ್ನು ದಾಟಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 8 ಸಾವಿರದ ಕೆಳಕ್ಕೆ ಬಂದಿತು. 21 ಸಾವಿರವನ್ನು ಮರಳಿ ಕಂಡದ್ದು 2010ರ ನವೆಂಬರಿನಲ್ಲಿ. 2020ರ ಮಾರ್ಚಿ 23ರಂದು ಒಂದೇ ದಿನದಲ್ಲಿ ಸುಮಾರು 3,900 ಅಂಶಗಳು ಕುಸಿದು ಸೂಚ್ಯಂಕವು 26 ಸಾವಿರಕ್ಕೂ ಕೆಳಗೆ ನಿಂತಿತು. ಆ ವರ್ಷ ಮುಗಿಯುವಾಗ 47 ಸಾವಿರದ ಮೇಲಿತ್ತು. ತನ್ನ ಸ್ವಂತ ಹಣವಾಗಿದ್ದರೆ ಮನುಷ್ಯನು ಆ ಮಾರ್ಚಿಯಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿರಬಹುದು. ಮಿತ್ರನ ಹಣವಾಗಿದ್ದರೆ? ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ದೂರವಾಣಿ ಮೊಳಗುತ್ತದೆ. "ಏನಪ್ಪಾ ಆಯಿತು?" ಎಂಬ ಎರಡು ಮಾತಿಗೆ ಉತ್ತರ ಕೊಡಲಾರದೆ, ಮಾರಬಾರದ ದಿನದಲ್ಲಿ ಮಾರಿ ಕೈತೊಳೆದುಕೊಳ್ಳುತ್ತಾನೆ. ಸ್ವಂತ ಹಣವನ್ನು ಬೆಳೆಸಿದ ಜಾಣತನವೇ ಪರರ ಹಣದಲ್ಲಿ ಕೆಲಸಕ್ಕೆ ಬಾರದೆ ಹೋಗುವುದು ಈ ಕಾರಣದಿಂದ. ಆ ಜಾಣತನದಲ್ಲಿ ಅರ್ಧಪಾಲು ತಾಳ್ಮೆ. ತಾಳ್ಮೆಯನ್ನು ಎರವಲು ಕೊಡುವುದಕ್ಕಾಗುವುದಿಲ್ಲ.

ಇನ್ನು ಕೆಲವರು ನಷ್ಟವನ್ನು ಬೇಗ ತುಂಬಿಕೊಳ್ಳಬೇಕೆಂದು ಫ್ಯೂಚರ್ಸು, ಆಪ್ಷನ್ಸು ಎಂಬ ವಾಯಿದೆ ವ್ಯಾಪಾರಕ್ಕೆ ಇಳಿಯುತ್ತಾರೆ. ಇದರ ವಿಷಯದಲ್ಲಿ ನಾವು ಬಹಳ ಹೇಳಬೇಕಾಗಿಲ್ಲ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವ್ಯಾಪಾರವನ್ನು ಮಾಡಿದ ಒಂದು ಕೋಟಿಗೂ ಮಿಕ್ಕ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಮುಂದಿನ ವರ್ಷದ ಲೆಕ್ಕದಲ್ಲಿಯೂ ನಷ್ಟಪಟ್ಟವರು ನೂರಕ್ಕೆ 91. ಮಿತ್ರನ ಹಣವನ್ನು ಇದರಲ್ಲಿ ಹಾಕುವವನು ಮಿತ್ರನಲ್ಲ.

ಹಣ ಕೊಟ್ಟವರಿಗೆ ಸಮಾಧಾನವಾಗಲೆಂದು "ತಿಂಗಳಿಗೆ ನೂರಕ್ಕೆ ಎರಡರಂತೆ ಕೊಡುತ್ತೇನೆ" ಎಂದು ಮಾತು ಕೊಡುವುದು ಇನ್ನೊಂದು ವಿಧ. ಇದು ಬಡ್ಡಿ ವ್ಯಾಪಾರಕ್ಕೆ ಪರಿಚಿತವಾದ ಮಾತಾದುದರಿಂದ ಹಳ್ಳಿಗಳಲ್ಲಿ ಬೇಗ ರುಚಿಸುತ್ತದೆ. ಎಂಟು ಲಕ್ಷಕ್ಕೆ ತಿಂಗಳಿಗೆ 16,000, ವರ್ಷಕ್ಕೆ 1,92,000. ಪೇಟೆಯು ವರ್ಷಕ್ಕೆ ನೂರಕ್ಕೆ 12ರಂತೆ, ಒಂದು ವರ್ಷವೂ ತಪ್ಪದೆ, ಕೊಟ್ಟಿತೆಂದೇ ಇಟ್ಟುಕೊಳ್ಳಿ, ಹುಟ್ಟಿದ್ದು 96,000. ಮಿಕ್ಕ 96,000 ಅಸಲಿನಿಂದಲೇ ಹೋಗಬೇಕು. ಎರಡನೆಯ ವರ್ಷ ಅಸಲು ಕುಗ್ಗಿರುವುದರಿಂದ ಹುಟ್ಟುವಳಿಯೂ ಕುಗ್ಗುತ್ತದೆ, ಕೊರತೆ ಹಿಗ್ಗುತ್ತದೆ. ಹೀಗೆ ವರ್ಷವರ್ಷಕ್ಕೆ ಲೆಕ್ಕ ಹಾಕಿಕೊಂಡು ಹೋದರೆ ಆರನೆಯ ವರ್ಷದ ಕೊನೆಗೆ ಉಳಿಯುವುದು ಸುಮಾರು 21 ಸಾವಿರ ರೂಪಾಯಿ. ಅಷ್ಟು ಕಾಲವೂ ಮಿತ್ರನು ತಿಂಗಳು ತಿಂಗಳು ಹಣ ಪಡೆದು, ತನ್ನ ಎಂಟು ಲಕ್ಷ ಕಲ್ಲಿನಂತೆ ಭದ್ರವಾಗಿದೆಯೆಂದು ಊರಿಗೆಲ್ಲ ಹೇಳಿಕೊಂಡಿರುತ್ತಾನೆ. ಅದನ್ನು ಕೇಳಿ ಇನ್ನಿಬ್ಬರು ಸ್ನೇಹಿತರು ಹಣ ತಂದಿರುತ್ತಾರೆ. ಎರಡನೆಯವನ ಅಸಲಿನಿಂದ ಮೊದಲನೆಯವನ ಬಡ್ಡಿಯನ್ನು ತೀರಿಸಿದ ತಿಂಗಳು, ಒಳ್ಳೆಯ ಮನಸ್ಸಿನಿಂದ ತೊಡಗಿದವನೂ ಅಡ್ಡದಾರಿ ಹಿಡಿದಂತಾಯಿತು.

ಬೆಂಗಳೂರಿನಲ್ಲಿ 2018ರಲ್ಲಿ ಬೆಳಕಿಗೆ ಬಂದ ವಿಕ್ರಮ್ ಇನ್ವೆಸ್ಟ್‌ಮೆಂಟ್ ಪ್ರಕರಣದಲ್ಲಿ ಕ್ರಿಕೆಟ್ ಆಟಗಾರ ರಾಹುಲ್ ದ್ರಾವಿಡರಂಥವರೂ ಪೊಲೀಸರಿಗೆ ದೂರು ಕೊಡಬೇಕಾಯಿತು. ಮರುವರ್ಷ ಐ.ಎಂ.ಎ. ಸಂಸ್ಥೆ ಮುಳುಗಿದಾಗ ಸಾವಿರಾರು ಸಾಮಾನ್ಯ ಕುಟುಂಬಗಳು ಉಳಿತಾಯವನ್ನು ಕಳೆದುಕೊಂಡುವು. ಅವು ದೊಡ್ಡ ಪ್ರಕರಣಗಳು, ನ್ಯಾಯಸ್ಥಾನದ ಮುಂದೆ ಹೋದುವು. ನಮ್ಮ ವಾಚಕರಂಥ ಸಜ್ಜನರನ್ನು ಅವುಗಳೊಡನೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಇಂಥವುಗಳಲ್ಲಿ ಹಣ ಹರಿಯುವುದು ಹೆಚ್ಚಾಗಿ ಜಾಹೀರಾತಿನಿಂದಲ್ಲ, "ನನಗೆ ಬರುತ್ತಿದೆ, ನೀನೂ ಹಾಕು" ಎಂಬ ಪರಿಚಿತರ ಮಾತಿನಿಂದ ಎಂಬುದನ್ನು ಮಾತ್ರ ನೆನಪಿಗೆ ತರುತ್ತೇವೆ. 2019ರಲ್ಲಿ ಪಾರ್ಲಿಮೆಂಟು ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿ, ಲಾಭದ ವಾಗ್ದಾನದಿಂದ ಜನರ ಹಣವನ್ನು ಕೂಡಿಹಾಕುವವರಿಗೆ ಸೆರೆವಾಸದ ಶಿಕ್ಷೆಯನ್ನು ಗೊತ್ತುಮಾಡಿದೆ.

ಕಾನೂನಿನ ಮಾತು ಬಂದುದರಿಂದ ಇನ್ನು ಕೆಲವನ್ನು ಹೇಳಿಬಿಡುವುದು ಲೇಸು. ಕರಾರಿನ ಮೇಲೆ ಪರರ ಷೇರುಗಳ ನಿರ್ವಹಣೆಯನ್ನು ಮಾಡುವವನು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹಾಗೆ ನೋಂದಾಯಿಸಿಕೊಂಡವರೂ 2020ರ ನಿಯಮಗಳಂತೆ ಒಬ್ಬ ಗಿರಾಕಿಯಿಂದ 50 ಲಕ್ಷಕ್ಕೆ ಕಡಿಮೆ ಹಣವನ್ನು ತೆಗೆದುಕೊಳ್ಳುವಂತಿಲ್ಲ. ಪ್ರತಿಫಲವನ್ನು ಪಡೆದು ಸಲಹೆ ಕೊಡುವುದನ್ನು ವೃತ್ತಿಯಾಗಿ ಮಾಡುವವನಿಗೂ 2013ರ ನಿಯಮಗಳಂತೆ ನೋಂದಣಿ ಅವಶ್ಯ. ಸ್ನೇಹದಿಂದ, ಒಂದು ಕಾಸನ್ನೂ ಮುಟ್ಟದೆ, ತನಗೆ ತಿಳಿದುದನ್ನು ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದುದರಿಂದ "ಅರ್ಧ ನಿನಗೆ" ಎಂಬ ಆ ಉದಾರವಾದ ಮಾತೇ ನಮ್ಮ ವಾಚಕರನ್ನು ತೊಂದರೆಯ ಕಡೆಗೆ ಎಳೆಯುವ ಹಗ್ಗ.

ಹಣವನ್ನು ತಮ್ಮ ಹೆಸರಿನ ಖಾತೆಗೆ ಹಾಕಿಸಿಕೊಂಡು ಷೇರು ಕೊಂಡರೆ ಲಾಭವೆಲ್ಲ ಇವರ ಆದಾಯವಾಗಿ ಎಣಿಸಲ್ಪಡುತ್ತದೆ. ವರ್ಷದೊಳಗೆ ಮಾರಿ ಗಳಿಸಿದ ಲಾಭಕ್ಕೆ 2024ರ ಜುಲೈಯಿಂದ ನೂರಕ್ಕೆ 20ರ ತೆರಿಗೆ. ಅದನ್ನು ಕೊಡುವವರು ಯಾರು, ಹಂಚಿಕೆಗೆ ಮೊದಲೋ ಆಮೇಲೋ? ತೆರಿಗೆಯ ಅಧಿಕಾರಿಯು "ಈ ಎಂಟು ಲಕ್ಷ ಎಲ್ಲಿಂದ ಬಂದಿತು?" ಎಂದು ಕೇಳಿದರೆ, ದಾನವೆನ್ನುವಂತಿಲ್ಲ, ನೆಂಟರಲ್ಲದವರಿಂದ ವರ್ಷಕ್ಕೆ 50,000ಕ್ಕೆ ಮೀರಿ ಬಂದ ದಾನವು ಆದಾಯವೇ, ಮತ್ತು ಮಿತ್ರನು ಎಷ್ಟೇ ಆಪ್ತನಾದರೂ ಕಾನೂನಿಗೆ ನೆಂಟನಲ್ಲ. ಒಬ್ಬನ ಹಣದಿಂದ ಇನ್ನೊಬ್ಬನ ಹೆಸರಿನಲ್ಲಿ ಆಸ್ತಿಯನ್ನು ಹಿಡಿಯುವುದನ್ನು ಬೇನಾಮಿ ಕಾಯಿದೆಯು ಬೇರೆ ಕಣ್ಣಿನಿಂದಲೇ ನೋಡುತ್ತದೆ. ಮಿತ್ರನ ಹೆಸರಿನ ಖಾತೆಯ ಪಾಸ್‌ವರ್ಡನ್ನು ತಾನು ಇಟ್ಟುಕೊಂಡು, ಅವನ ಮೊಬೈಲಿಗೆ ಬರುವ ಓಟಿಪಿಯನ್ನು ಕೇಳಿ ಪಡೆದು ವ್ಯಾಪಾರ ನಡೆಸುವ ಉಪಾಯವೂ ಒಂದುಂಟು. ಅದನ್ನು ಮಾಡಬೇಡಿರೆಂದು ಸೆಬಿಯೂ ಷೇರು ವಿನಿಮಯ ಕೇಂದ್ರಗಳೂ ಮೇಲಿಂದ ಮೇಲೆ ಸಾರುತ್ತಿವೆ.

ವಾಸ್ತವವಾಗಿ, ನಂಬಿಕೆಯ ಮಾತನ್ನು ಆಡುವಾಗ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಗೂಡಿನ ಮಾರುಕಟ್ಟೆಗೆ ಹೆಸರಾದ ಊರು ರಾಮನಗರ. ಗೂಡಿನ ಮಾರಾಟವನ್ನು ನಿಯಂತ್ರಿಸುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದ ಇದೆ. ಅಲ್ಲಿ ಒಕ್ಕಲಿಗನು ಗೂಡನ್ನು ಎಲ್ಲರ ಕಣ್ಣೆದುರಿಗೆ ಸುರಿಯುತ್ತಾನೆ; ಲಾಟಿಗೆ ನಂಬರು ಬೀಳುತ್ತದೆ; ರೀಲರುಗಳು ಹರಾಜಿನಲ್ಲಿ ಕೂಗುತ್ತಾರೆ, ಈಗಿನ ದಿನಗಳಲ್ಲಿ ಮೊಬೈಲಿನಲ್ಲಿ ಒತ್ತುತ್ತಾರೆ; ಸರ್ಕಾರದ ತಕ್ಕಡಿಯಲ್ಲಿ ತೂಕವಾಗುತ್ತದೆ. ಇಪ್ಪತ್ತೈದಾರು ದಿನ ನಿದ್ರೆಗೆಟ್ಟು, ನಾಲ್ಕು ಜ್ವರಗಳನ್ನು ದಾಟಿಸಿ, ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಒಕ್ಕಲಿಗನು "ನೀನೇ ನೋಡಿಕೊಳಯ್ಯ" ಎಂದು ಒಬ್ಬ ರೀಲರಿನ ಮನೆಯಲ್ಲಿ ಸುರಿದು ಬರುತ್ತಾನೆಯೆ? ಅವನು ಪ್ರಾಣಸ್ನೇಹಿತನಾಗಿದ್ದರೂ ಸುರಿಯುವುದಿಲ್ಲ. ಗೂಡಿನಲ್ಲಿ ಇಷ್ಟು ಎಚ್ಚರವಿರುವವರು ಅದೇ ಗೂಡಿನಿಂದಲೋ ಹೊಲದಿಂದಲೋ ಬಂದ ಹಣದಲ್ಲಿ ಕಣ್ಣು ಮುಚ್ಚಿಕೊಳ್ಳುವುದು ನಮಗೆ ಎಂದೂ ಅರ್ಥವಾಗದ ಸಂಗತಿ.

ಹಾಗಾದರೆ ಸ್ನೇಹಿತನನ್ನು ಬರಿಗೈಯಲ್ಲಿ ಕಳುಹಿಸಬೇಕೆ? ಬೇಡ. ಅವರಿಗೆ ಬೇಕಾಗಿರುವುದು ಹಣವನ್ನು ಹೊರುವವನಲ್ಲ, ದಾರಿಯಲ್ಲಿ ಜೊತೆಗೆ ಬರುವವನು. ನಮ್ಮ ವಾಚಕರು ಹೀಗೆ ಹೇಳಬಹುದು: "ದುಡ್ಡು ನಿನ್ನ ಹೆಸರಿನಲ್ಲೇ ಇರಲಯ್ಯ. ನಿನ್ನ ಜೊತೆಗೆ ನಾನೂ ಬಂದು ಖಾತೆ ತೆರೆಸುತ್ತೇನೆ. ಯಾವುದನ್ನು ಕೊಳ್ಳುವಾಗಲೂ ಇಬ್ಬರೂ ಕೂತು ನೋಡೋಣ, ಒತ್ತುವವನು ನೀನೇ. ನನಗೆ ಪಾಲು ಬೇಡ." ಇದನ್ನು ಕೇಳಿ ನೊಂದುಕೊಳ್ಳುವ ಸ್ನೇಹಿತನು, ನಷ್ಟವಾದ ದಿನ ಇದಕ್ಕಿಂತ ಎಷ್ಟು ಪಾಲು ಹೆಚ್ಚಾಗಿ ನೊಂದುಕೊಂಡಾನು!

ಮೊದಲು ಎಂಟು ಲಕ್ಷವನ್ನೂ ಷೇರಿಗೆಂದು ಎಣಿಸುವುದೇ ತಪ್ಪು. ಮದುವೆ, ಮಕ್ಕಳ ಓದು, ಮನೆಯ ಸೂರು, ಎರಡು ಬೆಳೆ ಕೈಕೊಟ್ಟರೆ ಬೇಕಾಗುವ ಖರ್ಚು, ಇವುಗಳಿಗೆಲ್ಲ ತೆಗೆದು ಬ್ಯಾಂಕಿನಲ್ಲಿಯೋ ಅಂಚೆಕಚೇರಿಯಲ್ಲಿಯೋ ಇಟ್ಟು, ಐದಾರು ವರ್ಷ ಮುಟ್ಟಬೇಕಾಗಿಲ್ಲದಷ್ಟು ಮಾತ್ರ ಪೇಟೆಗೆ ಹೋಗಲಿ. ಎಂಟರಲ್ಲಿ ಅದು ಎರಡೇ ಆಗಬಹುದು, ಆಗಲಿ. ಅದನ್ನೂ ಬಿಡಿ ಷೇರುಗಳನ್ನು ಆರಿಸುವ ಬದಲು, ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡಿನಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಹಾಕಿದರೆ, ಯಾವ ಷೇರನ್ನು ಯಾರು ಹೇಳಿದರೆಂಬ ವಾದವೇ ಹುಟ್ಟುವುದಿಲ್ಲ. 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಬಿಡುಗಡೆಯಾದಾಗ ಜನರು ಪೂರ್ತಿಯಾಗಿ ಕೊಳ್ಳದೆ ಉಳಿದುಹೋಗಿತ್ತೆಂಬುದನ್ನು ಈಗ ಎಲ್ಲರೂ ಕಥೆಯಾಗಿ ಹೇಳುತ್ತಾರೆ. ಆ ಕಥೆ ನಿಜವೇ. ಅದೇ ಕಾಲದಲ್ಲಿ ಬಿಡುಗಡೆಯಾಗಿ ಹೆಸರಿಲ್ಲದೆ ಹೋದ ಕಂಪೆನಿಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ಈಗಾಗಲೇ ಪರರ ಹಣ ಕೈಯಲ್ಲಿರುವ ವಾಚಕರೂ ಕೆಲವರು ಇದ್ದಾರೆಂದು ಬಲ್ಲೆವು. ಅವರು ಇಂದೇ ಒಂದು ಹಾಳೆಯ ಮೇಲೆ ಯಾವ ದಿನ ಎಷ್ಟು ಬಂದಿತು, ಯಾವುದನ್ನು ಎಷ್ಟಕ್ಕೆ ಕೊಂಡುದಾಯಿತು, ಈ ದಿನದ ಬೆಲೆಯೇನು ಎಂಬುದನ್ನು ಬರೆದು, ನಷ್ಟವಿದ್ದರೆ ನಷ್ಟವನ್ನೂ ಬಚ್ಚಿಡದೆ, ಸ್ನೇಹಿತನ ಮುಂದೆ ಇಡಲಿ. ಸ್ನೇಹಿತನ ರುಜುವನ್ನು ಪಡೆದು ಒಂದು ಪ್ರತಿಯನ್ನು ಅವನಿಗೇ ಕೊಡಲಿ. 1872ರ ಕರಾರು ಕಾಯಿದೆಯೂ ಪ್ರತಿನಿಧಿಯಾದವನು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕೆಂದೇ ಹೇಳುತ್ತದೆ. ಒಪ್ಪಿಸಿದ ಹಣವನ್ನು ಕಪಟದಿಂದ ತನ್ನದಾಗಿ ಮಾಡಿಕೊಂಡರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮು ಅದನ್ನು ನಂಬಿಕೆದ್ರೋಹವೆನ್ನುತ್ತದೆ. ಕೇಳುವ ಮೊದಲೇ ಒಪ್ಪಿಸಿದ ಲೆಕ್ಕಕ್ಕೂ, ಕೇಳಿದ ಮೇಲೆ ಹುಡುಕಿ ತಂದ ಲೆಕ್ಕಕ್ಕೂ ಇರುವ ಅಂತರ ಬಹಳ.

ಮೃಚ್ಛಕಟಿಕ ನಾಟಕವನ್ನು ಓದಿದವರಿಗೆ ಇದು ಚೆನ್ನಾಗಿ ತಿಳಿದಿರಬೇಕು. ವಸಂತಸೇನೆಯು ತನ್ನ ಒಡವೆಗಳನ್ನು ಚಾರುದತ್ತನಲ್ಲಿ ಇಟ್ಟುಹೋದಳು. ಶರ್ವಿಲಕನು ಗೋಡೆಗೆ ಕನ್ನವಿಕ್ಕಿ ಕದ್ದೊಯ್ದನು. ಕಳ್ಳರಿಂದ ಹೋದುದಕ್ಕೆ ಇಟ್ಟುಕೊಂಡವನು ಹೊಣೆಯಲ್ಲವೆಂದು ಸ್ಮೃತಿಯು ಹೇಳುತ್ತದಷ್ಟೆ. ಚಾರುದತ್ತನಿಗೆ ಅದು ಸಮಾಧಾನವಾಯಿತೆ? ಬಡವನ ಮನೆಯಲ್ಲಿ ಕಳವಾಯಿತೆಂದರೆ ಯಾರು ನಂಬುತ್ತಾರೆಂದು ಕುಗ್ಗಿಹೋದನು. ಕೊನೆಗೆ ಅವನ ಹೆಂಡತಿ ಧೂತೆಯು ತನ್ನ ತೌರಿನಿಂದ ಬಂದ ರತ್ನಾವಳಿಯನ್ನು ಕೊಟ್ಟಳು. ಒಡವೆಯನ್ನು ಜೂಜಿನಲ್ಲಿ ಸೋತೆನೆಂದು ಹೇಳಿ ಅವನು ಅದನ್ನು ವಸಂತಸೇನೆಗೆ ಕಳುಹಿಸಿದನು. ಕವಿಯು ಚಾರುದತ್ತನ ಔದಾರ್ಯವನ್ನು ತೋರಿಸಲು ಈ ಸಂದರ್ಭವನ್ನು ತಂದನೆಂದು ತರಗತಿಗಳಲ್ಲಿ ಹೇಳುವುದು ವಾಡಿಕೆ. ನಮಗೆ ಮಾತ್ರ, ಈ ಲೆಕ್ಕದಲ್ಲಿ ಕೊನೆಗೆ ಕತ್ತು ಬರಿದಾದುದು ಯಾರದೆಂಬುದೇ ಕಾಣುತ್ತದೆ. ಪಡೆದವನ ಮನೆಯಲ್ಲಿ ಧೂತೆಯಿದ್ದಂತೆ, ಕೊಟ್ಟವನ ಮನೆಯಲ್ಲಿಯೂ ಒಬ್ಬ ಗೃಹಿಣಿ ಇದ್ದಾಳೆ. ಮುಂದೊಂದು ದಿನ ಬಾಗಿಲಿಗೆ ಬಂದು "ಅಣ್ಣಾ, ಆ ದುಡ್ಡು ಎಲ್ಲಿದೆ?" ಎಂದು ಕೇಳುವವಳು ಆಕೆಯೇ. ಆದುದರಿಂದ ಎಂಟು ಲಕ್ಷದ ವಿಷಯವನ್ನು ಗಂಡಸರಿಬ್ಬರೇ ಕಾಫಿ ಹೋಟೆಲಿನಲ್ಲಿ ತೀರ್ಮಾನಿಸದೆ ಎರಡು ಮನೆಯ ಹೆಂಗಸರ ಮುಂದೆಯೂ ಮಾತನಾಡಬೇಕು. ಡಿಪಾಜಿಟರಿಯವರು, ವ್ಯವಹಾರ ನಡೆದ ತಿಂಗಳುಗಳಲ್ಲಿ ಷೇರು ಫಂಡುಗಳೆಲ್ಲದರ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಖಾತೆದಾರರಿಗೆ ಕಳುಹಿಸುತ್ತಾರೆ. ಮಿತ್ರರ ಮನೆಯಲ್ಲಿ ಓದಬಲ್ಲ ಮಗನೋ ಮಗಳೋ ಇದ್ದರೆ ಅದನ್ನು ತಾಯಿಯ ಮುಂದೆ ಗಟ್ಟಿಯಾಗಿ ಓದಲಿ.

ಖಾತೆ ತೆರೆಯುವ ದಿನವೇ ನಾಮಿನಿಯ ಹೆಸರನ್ನು ಬರೆಯಿಸಬೇಕು. ಆದರೆ ನಾಮಿನಿಯೆಂದರೆ ಒಡೆಯನೆಂದು ತಿಳಿಯುವವರು ಬಹು ಮಂದಿ. ಖಾತೆದಾರನು ತೀರಿಕೊಂಡರೆ ಷೇರುಗಳು ನಾಮಿನಿಯ ಕೈಗೆ ಬರುತ್ತವೆ, ನಿಜ. ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲವೆಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಎಂದರೆ ನಾಮಿನಿಯೂ ಒಬ್ಬ ನಿಕ್ಷೇಪಧಾರಿ. ಇಟ್ಟವನು ಸತ್ತಮೇಲೆ, ಯಾರೂ ಕೇಳದೆ ಇರುವಾಗಲೇ ತಾನಾಗಿ ವಾರಸುದಾರನಿಗೆ ನಿಕ್ಷೇಪವನ್ನು ಒಪ್ಪಿಸಿದವನ ಮೇಲೆ ರಾಜನಾಗಲಿ ಬಂಧುಗಳಾಗಲಿ ಮತ್ತೆ ದಾವೆ ಹೂಡಕೂಡದೆಂದು ಮನುವು ವಿಧಿಸಿದ್ದಾನೆ. ನಮ್ಮ ವಾಚಕರ ಮಿತ್ರರು ತಮ್ಮ ಖಾತೆಗೆ ಇವರನ್ನೇ ನಾಮಿನಿಯಾಗಿ ಬರೆಯಿಸಲು ಹೊರಟರೆ ಇವರು ಅರ್ಜಿಯ ಆ ಅಂಕಣವನ್ನು ಹೊಡೆದುಹಾಕಿಸಿ ಮಿತ್ರರ ಪತ್ನಿಯ ಹೆಸರನ್ನು, ಗುರುತಿನ ಚೀಟಿಯಲ್ಲಿ ಇರುವ ಅಕ್ಷರಗಳಂತೆಯೇ, ಬರೆಯಿಸತಕ್ಕದ್ದು.